ಡಬ್ಬಗಳಿಗೂ ಒಂದು ಬಾಡಿಗೆ ಮನೆ ಬೇಕೇ?



ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದಾಯಿತು. ಹಾಗೆಯೇ ಸ್ಮೋಕ್ ಅಲಾರ್ಮಿನ ಬ್ಯಾಟರಿಯನ್ನೂ ಬದಲಾಯಿಸಿ ಎನ್ನುವ ಅಗ್ನಿಶಾಮಕ ದಳದವರ ವಾರ್ಷಿಕ ಬುದ್ಧಿವಾದ ಕೇಳಿದ್ದೂ ಆಯಿತು. ಶಿಕಾಗೋ ಸುತ್ತಮುತ್ತ ಇರುವ ನಮ್ಮೆಲ್ಲರ ಗರಾಜಿನ ನೆಲದ ಮೇಲೆ ರಸ್ತೆ ಉಪ್ಪು ತನಗೆ ತೋಚಿದ ಹಾಗೆ ರಂಗೋಲಿ ಬಿಟ್ಟಿದೆ. ಅಂಚೆಯಲ್ಲಿ ಬರುವ ಜಾಹೀರಾತುಗಳಲ್ಲಿ ಈಗ ಎರಡೇ ವಿಷಯ. ಒಂದು ಹುಲ್ಲಿಗೆ ಗೊಬ್ಬರ, ಇನ್ನೊಂದು "ಮೊದಲ ತಿಂಗಳ ಬಾಡಿಗೆ ಬರೀ ಒಂದು ಡಾಲರ್!" ಎನ್ನುವ ಸೆಲ್ಫ್ ಸ್ಟೋರೇಜ್. ಗೊಬ್ಬರದ ವಿಷಯ ಗೊತ್ತಿದ್ದವರು ಬರೆಯಲಿ. ನಾನು ಎರಡನೆಯದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಏಕೆಂದರೆ ಇತ್ತೀಚೆಗೆ ನಮ್ಮವರ ಮನೆಗಳಲ್ಲಿ ಊಟಕ್ಕೆ ಕೂತಾಗಲೆಲ್ಲ ಈ ಮಾತು ಕೇಳಿಬರುತ್ತಿದೆ: "ಬೇಸ್‌ಮೆಂಟ್ ತುಂಬಿಹೋಗಿದೆ, ಒಂದು ಸ್ಟೋರೇಜ್ ತಗೊಂಡುಬಿಡೋಣ ಅಂತಿದೀವಿ."

ಅಮೆರಿಕದವರ ಸ್ಪ್ರಿಂಗ್ ಕ್ಲೀನಿಂಗೂ ನಮ್ಮ ಯುಗಾದಿಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ಊರಿನಲ್ಲಿ ಹಬ್ಬಕ್ಕೆ ವಾರ ಇರುವಾಗಲೇ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆಂದರೆ ಮನೆಯಲ್ಲಿ ಯಾರಿಗೂ ಬಿಡುಗಡೆಯಿಲ್ಲ. ಉದ್ದನೆ ಕೋಲಿಗೆ ಪೊರಕೆ ಕಟ್ಟಿ ಜೇಡರ ಬಲೆ ತೆಗೆಯುವುದು, ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ಬೆಳಗುವುದು, ಅಟ್ಟ ಹತ್ತಿ ಅಲ್ಲಿದ್ದುದನ್ನೆಲ್ಲ ಕೆಳಗೆ ದಾಟಿಸುವುದು. ನಮ್ಮ ತಾಯಂದಿರೇನೂ ಸಾಮಾನು ಬಿಸಾಡುವ ಜಾತಿಯವರಲ್ಲ, ಒಂದು ಹಾರ್ಲಿಕ್ಸ್ ಬಾಟಲಿಯನ್ನು ಮೂವತ್ತು ವರ್ಷ ಬಾಳಿಸಿದವರು! ಆದರೂ ಮನೆ ತುಂಬಿ ತುಳುಕುತ್ತಿರಲಿಲ್ಲ, ಏಕೆ? ಸಾಮಾನು ಹೊರಗೆ ಹೋಗಲು ಅಲ್ಲಿ ದಾರಿಗಳಿದ್ದವು. "ಹಳೇ ಪೇಪರ್, ಖಾಲಿ ಸೀಸಾ" ಎಂದು ಕೂಗುತ್ತಾ ಒಬ್ಬ ಬರುತ್ತಿದ್ದ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವಾಕೆ ಇನ್ನೊಬ್ಬಳು, ಅವಳ ಜೊತೆ ಅಮ್ಮನ ಚೌಕಾಸಿ ಒಂದು ಗಂಟೆ. ತೊಟ್ಟಿಲು ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ಸೋದರತ್ತೆ ಮಗಳ ಮನೆಗೆ ತಿರುಗುತ್ತಲೇ ಇರುತ್ತಿತ್ತು. ದೊಡ್ಡಣ್ಣನ ಪಠ್ಯಪುಸ್ತಕ ಪಕ್ಕದ ಮನೆ ಹುಡುಗನ ಕೈ ಸೇರುತ್ತಿತ್ತು. ಇಲ್ಲಿ ನಮ್ಮ ಮನೆ ಬಾಗಿಲಿಗೆ ಬರುವುದು ಅಮೆಜಾನ್ ವ್ಯಾನು, ಅದು ತಂದಿಟ್ಟು ಹೋಗುತ್ತದೆಯೇ ಹೊರತು ಏನನ್ನೂ ಕೇಳಿ ತೆಗೆದುಕೊಂಡು ಹೋಗುವುದಿಲ್ಲ.

ಇದು ನಮ್ಮೊಬ್ಬರ ಕಷ್ಟವಲ್ಲ ಎನ್ನುವುದಕ್ಕೆ ಒಂದು ಸಮಾಧಾನ ಹೇಳುತ್ತೇನೆ. ಲಾಸ್ ಏಂಜಲೀಸಿನ ಯು.ಸಿ.ಎಲ್.ಎ. ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ 32 ಮಧ್ಯಮ ವರ್ಗದ ಕುಟುಂಬಗಳ ಮನೆಯೊಳಗೆ ಹೋಗಿ, ಪ್ರತಿಯೊಂದು ಕೋಣೆಯ ಫೋಟೋ ತೆಗೆದು ಅಧ್ಯಯನ ಮಾಡಿದರು. ಅದು 2012ರಲ್ಲಿ ಪುಸ್ತಕವಾಗಿಯೂ ಬಂತು. ಆ ಮನೆಗಳ ಗರಾಜುಗಳಲ್ಲಿ ಕಾರು ನಿಲ್ಲಿಸಲು ಜಾಗವಿದ್ದದ್ದು ನಾಲ್ಕರಲ್ಲಿ ಒಂದಕ್ಕೆ ಮಾತ್ರ! ಸಾವಿರಾರು ಡಾಲರಿನ ಕಾರು ಬಿಸಿಲಲ್ಲಿ, ಹತ್ತು ಡಾಲರಿನ ಡಬ್ಬಗಳು ನೆರಳಲ್ಲಿ.

ಗರಾಜೂ ಸಾಲದೆ ಹೋದಾಗ ಹುಟ್ಟಿದ್ದು ಈ ಸ್ಟೋರೇಜ್ ವ್ಯಾಪಾರ. 1960ರ ದಶಕದಲ್ಲಿ ಟೆಕ್ಸಾಸಿನಲ್ಲಿ ಕಣ್ಣು ಬಿಟ್ಟು, 1972ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಸ್ಟೋರೇಜ್ ಶುರುವಾದ ಮೇಲೆ ದೇಶದ ತುಂಬ ಹರಡಿತು. ಇಂದು ಈ ದೇಶದಲ್ಲಿ ಇಂಥವು 50,000ಕ್ಕೂ ಹೆಚ್ಚಿವೆ. ಮೆಕ್‌ಡೊನಾಲ್ಡ್ಸ್ ಮತ್ತು ಸ್ಟಾರ್‌ಬಕ್ಸ್ ಎರಡರ ಅಂಗಡಿಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಹತ್ತು ಮನೆಗಳಲ್ಲಿ ಒಂದು ಮನೆಯವರಾದರೂ ಹೀಗೊಂದು ಬಾಡಿಗೆ ಗೂಡು ಇಟ್ಟುಕೊಂಡಿದ್ದಾರೆ. ಐದು ಅಡಿಗೆ ಐದು ಅಡಿಯದು ಎಂದರೆ ನಮ್ಮ ಊರಿನ ಮನೆಯ ದೇವರ ಕೋಣೆಯಷ್ಟು. ಹತ್ತಕ್ಕೆ ಹತ್ತು ಎಂದರೆ ಒಂದು ಮಲಗುವ ಕೋಣೆ. ಹತ್ತಕ್ಕೆ ಇಪ್ಪತ್ತು ಎಂದರೆ ಒಂದು ಕಾರಿನ ಗರಾಜು. ಅಂದರೆ ಗರಾಜು ತುಂಬಿತೆಂದು ಇನ್ನೊಂದು ಗರಾಜನ್ನು ಬಾಡಿಗೆಗೆ ಹಿಡಿಯುವುದು!

ನಾನು ಸ್ಟೋರೇಜಿನ ವಿರೋಧಿಯಲ್ಲ. ಮನೆ ಮಾರಿ, ಹೊಸ ಮನೆಯ ಕ್ಲೋಸಿಂಗಿಗೆ ಎರಡು ತಿಂಗಳಿದ್ದರೆ ಇನ್ನೆಲ್ಲಿಡುತ್ತೀರಿ? ಕಂಪನಿಯವರು ಒಂದು ವರ್ಷದ ಮಟ್ಟಿಗೆ ಬೆಂಗಳೂರಿಗೋ ಲಂಡನ್ನಿಗೋ ಕಳಿಸಿದಾಗ, ಬೇಸ್‌ಮೆಂಟಿಗೆ ನೀರು ನುಗ್ಗಿ ನೆಲ ಕೀಳಿಸಬೇಕಾದಾಗ, ಮಗ ಕಾಲೇಜಿನಿಂದ ಬೇಸಿಗೆ ರಜಕ್ಕೆ ಬಂದಾಗ ಅವನ ಡಾರ್ಮಿನ ಸಾಮಾನಿಗೆ, ಇವೆಲ್ಲಕ್ಕೂ ಅದು ಬಹಳ ಒಳ್ಳೆಯ ವ್ಯವಸ್ಥೆ. ಇವೆಲ್ಲದರಲ್ಲೂ ಒಂದು ಸಮಾನ ಅಂಶ ಇರುವುದನ್ನು ಗಮನಿಸಿ. ಒಳಗೆ ಇಡುವ ದಿನವೇ ಹೊರಗೆ ತೆಗೆಯುವ ದಿನ ಗೊತ್ತಿದೆ. ನನ್ನ ವಾದ ಇಷ್ಟೇ: ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಲು ಆಗುವುದಾದರೆ ಸ್ಟೋರೇಜ್ ತೆಗೆದುಕೊಳ್ಳಿ, ಆಗದಿದ್ದರೆ ಬೇಡ. "ಆಮೇಲೆ ನೋಡೋಣ" ಎನ್ನುವ ಸಾಮಾನಿಗೆ ನೀವು ಕಟ್ಟುವ ಬಾಡಿಗೆ ಜಾಗಕ್ಕಲ್ಲ, ಆ "ಆಮೇಲೆ"ಗೆ.

ಆ "ಆಮೇಲೆ" ಎಷ್ಟು ದುಬಾರಿ ಎಂದು ನೋಡಿ. ತಿಂಗಳಿಗೆ 150 ಡಾಲರ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,800. ಐದು ವರ್ಷಕ್ಕೆ 9,000. ಒಳಗಿರುವುದೇನು? ಹಳೆಯ ಸೋಫಾ, ಮಕ್ಕಳ ಮಂಚ, ಮೂರು ಸೂಟ್‌ಕೇಸು, ಒಡೆದ ಟ್ರೆಡ್‌ಮಿಲ್. ಎಲ್ಲವನ್ನೂ ಹೊಸದಾಗಿ ಕೊಂಡರೂ ಅಷ್ಟಾಗುವುದಿಲ್ಲ. ಅದರ ಮೇಲೆ 150 ಎಂಬುದು 150 ಆಗಿಯೇ ಉಳಿಯುವುದೂ ಇಲ್ಲ. ಕರಾರು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ, ಹಾಗಾಗಿ ನೋಟಿಸ್ ಕೊಟ್ಟು ಬಾಡಿಗೆ ಏರಿಸಬಹುದು. ಮೊದಲ ತಿಂಗಳ ಒಂದು ಡಾಲರಿನ ಆಸೆಗೆ ಒಳಗೆ ಬಂದವರು, ಟ್ರಕ್ ಬಾಡಿಗೆಗೆ ಹಿಡಿದು ನಾಲ್ಕು ಜನ ಸ್ನೇಹಿತರನ್ನು ಕರೆದು ಮತ್ತೆ ಖಾಲಿ ಮಾಡುವ ತಾಪತ್ರಯ ಯಾರಿಗೆ ಬೇಕು ಎಂದು ಸುಮ್ಮನಿರುತ್ತಾರೆ ಎನ್ನುವುದು ವ್ಯಾಪಾರಿಗೆ ಚೆನ್ನಾಗಿ ಗೊತ್ತು. ಇನ್ಶೂರೆನ್ಸ್ ಬೇರೆ, ಬೀಗ ಬೇರೆ. ಬಾಡಿಗೆ ಕಟ್ಟದೆ ಬಿಟ್ಟರೆ ರಾಜ್ಯದ ಕಾನೂನಿನ ಪ್ರಕಾರ ನೋಟಿಸ್ ಕೊಟ್ಟು ಒಳಗಿನದನ್ನು ಹರಾಜು ಹಾಕುವ ಹಕ್ಕು ಅವರಿಗಿದೆ. 2010ರಲ್ಲಿ ಶುರುವಾದ 'ಸ್ಟೋರೇಜ್ ವಾರ್ಸ್' ಎಂಬ ಟಿವಿ ಕಾರ್ಯಕ್ರಮ ಪೂರ್ತಿ ಇಂಥ ಹರಾಜಿನ ಮೇಲೆಯೇ ನಡೆದದ್ದು. ನಮ್ಮ ಅಜ್ಜಿಯ ಹಿತ್ತಾಳೆ ಕೊಳಗವನ್ನು ಟಿವಿಯಲ್ಲಿ ಯಾರೋ ಎತ್ತಿ ಹಿಡಿದು "ಇದು ಹೂವಿನ ಕುಂಡವಿರಬಹುದು" ಎನ್ನುವುದನ್ನು ಕಲ್ಪಿಸಿಕೊಳ್ಳಿ!

ಇಷ್ಟು ಎಲ್ಲರಿಗೂ ಅನ್ವಯಿಸುವ ಮಾತಾಯಿತು. ನಮ್ಮವರ ಮನೆಗಳಲ್ಲಿ ಇನ್ನೊಂದು ವಿಶೇಷವಿದೆ. ನಮ್ಮ ಡಬ್ಬಗಳ ಮೇಲೆ ಕಣ್ಣಿಗೆ ಕಾಣದ ಒಂದು ಚೀಟಿ ಅಂಟಿಸಿರುತ್ತದೆ: "ವಾಪಸ್ ಹೋಗುವಾಗ ಬೇಕಾಗುತ್ತೆ." ನೀವೂ ಹೇಳಿದ್ದೀರಿ, ನಾನೂ ಹೇಳಿದ್ದೇನೆ. ನಮ್ಮ ಯಜಮಾನರ ಬಳಿ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಊರಿನಿಂದ ತಂದ 230 ವೋಲ್ಟಿನ ಮಿಕ್ಸಿಯನ್ನು ಇಲ್ಲಿಯ 120 ವೋಲ್ಟಿನಲ್ಲಿ ಓಡಿಸಲು ಕೊಂಡದ್ದು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಮಿಕ್ಸಿ ಸತ್ತು ಹತ್ತು ವರ್ಷವಾಯಿತು, ಈಗ ಇಲ್ಲಿಯ ಕರೆಂಟಿಗೇ ಹೊಂದುವ ನಮ್ಮ ಮಿಕ್ಸಿಗಳು ಇಂಡಿಯನ್ ಅಂಗಡಿಯಲ್ಲೇ ಸಿಗುತ್ತವೆ. ಟ್ರಾನ್ಸ್‌ಫಾರ್ಮರ್ ಮಾತ್ರ ಚಿರಂಜೀವಿ. ಕೇಳಿದರೆ, "ಅಲ್ಲಿಗೆ ಹೋದಾಗ ಇಲ್ಲಿಯ ಸಾಮಾನು ಓಡಿಸಕ್ಕೆ ಬೇಕಾಗುತ್ತಲ್ಲೇ" ಎನ್ನುತ್ತಾರೆ. ಅಲ್ಲಿಯದನ್ನು ಇಲ್ಲಿ ಓಡಿಸಲು ತಂದದ್ದನ್ನು, ಇಲ್ಲಿಯದನ್ನು ಅಲ್ಲಿ ಓಡಿಸಲು ಇಟ್ಟುಕೊಂಡಿದ್ದಾರೆ. ಅವರ ತರ್ಕಕ್ಕೆ ಉತ್ತರವಿಲ್ಲ.

ನಗುವ ಮಾತು ಹಾಗಿರಲಿ. ವಾಪಸ್ ಹೋಗುತ್ತೇವೋ ಇಲ್ಲವೋ ಎನ್ನುವುದು ಗಂಡ ಹೆಂಡತಿ ಎದುರುಬದುರು ಕೂತು ಮಾತಾಡಬೇಕಾದ ವಿಷಯ. ಮಗಳ ಹೈಸ್ಕೂಲು, ಅಪ್ಪ ಅಮ್ಮನ ವಯಸ್ಸು, ಗ್ರೀನ್ ಕಾರ್ಡು, ಇವೆಲ್ಲ ಸೇರಿ ಮಾತಾಡಲು ಎಷ್ಟು ಕಷ್ಟ ಎಂದು ಬಲ್ಲೆ. ಆದ್ದರಿಂದಲೇ ಅನೇಕ ಮನೆಗಳಲ್ಲಿ ಆ ಮಾತನ್ನು ಡಬ್ಬಕ್ಕೆ ತುಂಬಿ ಟೇಪ್ ಹಚ್ಚಿ ಕೆಳಗೆ ಇಟ್ಟಿರುತ್ತೇವೆ. ಬೇಸ್‌ಮೆಂಟಿನಲ್ಲಿದ್ದರೆ ಬಟ್ಟೆ ಒಗೆಯಲು ಹೋದಾಗಲಾದರೂ ಕಣ್ಣಿಗೆ ಬೀಳುತ್ತದೆ. ಎಂಟು ಮೈಲಿ ದೂರದ ಕಬ್ಬಿಣದ ಬಾಗಿಲಿನ ಹಿಂದೆ ಇಟ್ಟರೆ ಅದೂ ಇಲ್ಲ, ಕ್ರೆಡಿಟ್ ಕಾರ್ಡಿನಿಂದ ತಾನಾಗಿಯೇ ದುಡ್ಡು ಹೋಗುತ್ತಿರುತ್ತದೆ.

ಇನ್ನು ಬೆಲೆಬಾಳುವುದನ್ನೇ ಅಲ್ಲಿ ಇಡುತ್ತೇವೆ, ಕಸವನ್ನಲ್ಲ ಎನ್ನುವವರಿಗೆ ಒಂದು ಮಾತು. ನಮಗೆ ನಿಜವಾಗಿ ಬೆಲೆಯಿರುವ ವಸ್ತುಗಳೇ ಅಲ್ಲಿ ಮೊದಲು ಹಾಳಾಗುವಂಥವು. ಹವಾನಿಯಂತ್ರಣ ಇಲ್ಲದ ಗೂಡಿನಲ್ಲಿ ಜುಲೈನ ಸೆಕೆ, ಜನವರಿಯ ಕೊರೆತ ಎರಡೂ ಪೂರ್ತಿಯಾಗಿ ಸಿಗುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ರೇಷ್ಮೆ ಸೀರೆಯ ಜರಿ ಕಪ್ಪಾಗುತ್ತದೆ, ಮಡಿಕೆಯಲ್ಲೇ ಸೀರೆ ಸೀಳುತ್ತದೆ. ಸೀರೆ ಮನೆಯ ಬೀರುವಿನಲ್ಲಿ, ಹಳೆ ಹತ್ತಿ ಪಂಚೆಯೊಳಗೆ, ವರ್ಷಕ್ಕೆರಡು ಸಲ ಮಡಿಕೆ ಬದಲಾಯಿಸಿಕೊಂಡು ಇರಬೇಕು. ಊರಿನ ಆಸ್ತಿ ಪತ್ರ, ಮಾರ್ಕ್ಸ್ ಕಾರ್ಡು, ಹಳೆಯ ಪಾಸ್‌ಪೋರ್ಟುಗಳ ಮೂಲ ಪ್ರತಿಗಳನ್ನು ಎಂದೂ ಅಲ್ಲಿಡಬೇಡಿ. ಅಕ್ಕಿ ಬೇಳೆ ಇಡುವುದನ್ನು ಅವರೇ ಬಿಡುವುದಿಲ್ಲ, ಇಲಿ ಬರುತ್ತದೆ.

ಎಲ್ಲಕ್ಕಿಂತ ಅವಸರದ್ದು ಟೇಪುಗಳು. 80-90ರ ದಶಕದಲ್ಲಿ ಮದುವೆಯಾದ ನಮ್ಮಲ್ಲಿ ಬಹಳ ಜನರ ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ ಊರಿನಲ್ಲಿ ತೆಗೆಸಿದ್ದು, ಅಂದರೆ ಪ್ಯಾಲ್ ಪದ್ಧತಿಯದು. ಇಲ್ಲಿಯ ಎನ್.ಟಿ.ಎಸ್.ಸಿ. ವಿಸಿಆರ್‌ನಲ್ಲಿ ಹಾಕಿದರೆ ಬರೀ ಗೆರೆಗಳು ಓಡುತ್ತವೆ. ಆದ್ದರಿಂದ "ಆಮೇಲೆ ಕನ್ವರ್ಟ್ ಮಾಡಿಸೋಣ" ಎಂದು ಇಟ್ಟೆವು. ಇಟ್ಟಲ್ಲಿಯೇ ಇದೆ. ಕಾಂತದ ಟೇಪು ಸೆಕೆಗೆ ತೇವಕ್ಕೆ ತಾನಾಗಿ ಸವೆಯುವ ವಸ್ತು. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಈಗಿರುವ ಯಂತ್ರಗಳು ಕೆಟ್ಟರೆ ರಿಪೇರಿಗೆ ಬಿಡಿಭಾಗ ಸಿಗುವುದು ದುರ್ಲಭ. ಆ ಟೇಪಿನಲ್ಲಿ ಧಾರೆ ಎರೆಯುವ ಅಪ್ಪ ಇದ್ದಾರೆ, ಓಡಾಡುವ ಅಜ್ಜಿ ಇದ್ದಾರೆ, ಹಾಡು ಹೇಳಿ ನಾಚಿಕೊಂಡ ಚಿಕ್ಕಮ್ಮ ಇದ್ದಾರೆ. ಅವರಲ್ಲಿ ಎಷ್ಟು ಜನ ಈಗಿದ್ದಾರೆ? ಸ್ಟೋರೇಜಿನ ಮೂರು ತಿಂಗಳ ಬಾಡಿಗೆಯಲ್ಲಿ ಐದಾರು ಕ್ಯಾಸೆಟ್ ಡಿಜಿಟಲ್ ಮಾಡಿಸಬಹುದು.

ನಾನು ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಸ್ನೇಹಿತರೊಬ್ಬರು ತೀರಿಕೊಂಡರು. 70ರ ದಶಕದಲ್ಲಿ ಬಂದವರು, ಅವರ ಮನೆಯವರು ಅದಕ್ಕೂ ಮೊದಲೇ ಹೋಗಿದ್ದರು. ಮಗಳು ಕ್ಯಾಲಿಫೋರ್ನಿಯಾದಿಂದ ಒಂದು ವಾರ ರಜ ಹಾಕಿ ಬಂದಳು. ಮನೆ ಖಾಲಿ ಮಾಡಿ, ಕೊನೆಗೆ ಅವರ ಸ್ಟೋರೇಜಿನ ಬಾಗಿಲು ಎಳೆದಳು. ಜೊತೆಗೆ ನಾನೂ ಇದ್ದೆ. ಒಳಗೆ ಚಾವಣಿಯವರೆಗೆ ಡಬ್ಬಗಳು. ಮೇಲೆ ಅವರ ದುಂಡನೆಯ ಕನ್ನಡ ಅಕ್ಷರದಲ್ಲಿ ಏನೇನೋ ಬರೆದಿತ್ತು. ಹುಡುಗಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮರುದಿನ ತಿಂಗಳ ಕೊನೆ, ಅವಳ ವಿಮಾನವೂ ಮರುದಿನವೇ. "ಆಂಟಿ, ಇದರಲ್ಲಿ ಯಾವುದು ಇಂಪಾರ್ಟೆಂಟು, ನೀವೇ ಹೇಳಿ" ಎಂದಳು.

ನಾಲ್ಕು ಗಂಟೆ ಸಿಕ್ಕಿತು ನಮಗೆ. ಒಂದು ಡಬ್ಬದಲ್ಲಿ 1988ರ ಕರೆಂಟ್ ಬಿಲ್ಲು, ಅದರ ಕೆಳಗೇ ಅವರ ತಾಯಿ ಬರೆದ ನೀಲಿ ಇನ್‌ಲ್ಯಾಂಡ್ ಮತ್ತು ಏರೋಗ್ರಾಮ್ ಕಾಗದಗಳ ಕಟ್ಟು. 'ಸುಧಾ', 'ಕಸ್ತೂರಿ' ಸಂಚಿಕೆಗಳ ಮಧ್ಯೆ ಅವಳ ಅಮ್ಮನ ಕೈಬರಹದ ಅಡುಗೆ ಪುಸ್ತಕ. ಒಂದು ಕಾಗದ ಬಿಡಿಸಿ ಅವಳಿಗೆ ಓದಿದೆ. "ಅಲ್ಲಿ ಹುಣಸೆಹಣ್ಣು ಸಿಗುತ್ತದೋ ಇಲ್ಲವೋ, ಸಾರಿಗೆ ಏನು ಮಾಡುತ್ತೀಯೋ, ಬರೆ" ಎಂದಿತ್ತು. ಹುಡುಗಿ ಅಲ್ಲೇ ಸಿಮೆಂಟ್ ನೆಲದ ಮೇಲೆ ಕೂತಳು, "ಇನ್ನೊಂದು ಓದಿ ಆಂಟಿ" ಎಂದಳು. ಓದುತ್ತಾ ಕೂರಲು ಹೊತ್ತಿರಲಿಲ್ಲ. ಮೂರು ಡಬ್ಬ ಉಳಿಸಿದೆವು. ತೆರೆದು ನೋಡಲು ಆಗದ ಹನ್ನೊಂದು ಡಬ್ಬ ಮಾರನೆಯ ದಿನ ಬೆಳಗ್ಗೆ ಲಾರಿಯಲ್ಲಿ ಹೋದವು. ಅವುಗಳಲ್ಲಿ ಕರೆಂಟ್ ಬಿಲ್ಲಿತ್ತೋ ಕಾಗದಗಳಿದ್ದವೋ ದೇವರಿಗೇ ಗೊತ್ತು. ಆ ಹಿರಿಯರು ಎಲ್ಲವನ್ನೂ ಜೋಪಾನವಾಗಿಯೇ ಇಟ್ಟಿದ್ದರು, ಬಾಡಿಗೆಯನ್ನೂ ಒಂದು ತಿಂಗಳು ತಪ್ಪಿಸಿರಲಿಲ್ಲ. ಆದರೆ ಇಟ್ಟದ್ದು ಏನೆಂದು ಓದಬಲ್ಲವರು ಅವರೊಬ್ಬರೇ ಆಗಿದ್ದರು.

ನಮ್ಮ ಬೇಸ್‌ಮೆಂಟುಗಳಲ್ಲಿರುವುದು ಇದೇ. ನಮ್ಮ ಮಕ್ಕಳು ಬುದ್ಧಿವಂತರು, ಒಳ್ಳೆಯವರು, ಆದರೆ ಡಬ್ಬದ ಮೇಲೆ "ಅಜ್ಜನ ಕಾಗದ" ಎಂದಿರುವುದು ಅವರಲ್ಲಿ ಅನೇಕರಿಗೆ ಬರಿಯ ಚಿತ್ತಾರ. ಆದ್ದರಿಂದ ಈ ಯುಗಾದಿಗೆ ಕ್ಲೋಸೆಟ್ ಬಿಡಿ, ಬಟ್ಟೆಬರೆ ಬಿಡಿ, ಮೊದಲು ಕಾಗದ-ಫೋಟೋ-ಟೇಪಿನ ಡಬ್ಬವನ್ನೇ ಮೇಲೆ ತನ್ನಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಓದಿ ಹೇಳಿ, ಅವರು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಫೋಟೋದ ಹಿಂದೆ ಯಾರು, ಯಾವ ಊರು, ಯಾವ ವರ್ಷ ಎಂದು ಇಂಗ್ಲಿಷಿನಲ್ಲಿಯೂ ಬರೆದಿಡಿ. (ಕನ್ನಡ ಕೂಟದ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ ಎನ್ನುತ್ತಿದ್ದೇನಲ್ಲ ಎಂದು ಬೈಯಬೇಡಿ. ಎರಡರಲ್ಲೂ ಬರೆಯಿರಿ.)

ಉಳಿದದ್ದು ಸುಲಭ. ಬಟ್ಟೆ, ಪಾತ್ರೆ, ಪೀಠೋಪಕರಣ ಗುಡ್‌ವಿಲ್‌ಗೋ ಸಾಲ್ವೇಶನ್ ಆರ್ಮಿಗೋ ಹೋಗಲಿ. ಹರಿದದ್ದನ್ನು, ಕೆಟ್ಟದ್ದನ್ನು ಅವರ ಬಾಗಿಲಿಗೆ ಸುರಿಯಬೇಡಿ, ಬಿಸಾಡುವ ಖರ್ಚು ಅವರ ತಲೆಗೆ ಬರುತ್ತದೆ. ತೆರಿಗೆಯಲ್ಲಿ ವಿನಾಯಿತಿ ಕೇಳುವವರಿಗೂ ವಸ್ತು ಚೆನ್ನಾಗಿಯೇ ಇರಬೇಕೆಂಬ ನಿಯಮವಿದೆ. ಹಳೇ ಡಬ್ಬಿ ಟಿವಿಯನ್ನು ಸಾಮಾನ್ಯವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ, ಕೌಂಟಿಯವರ ಎಲೆಕ್ಟ್ರಾನಿಕ್ಸ್ ಮರುಬಳಕೆಯ ದಿನ ನೋಡಿಕೊಳ್ಳಿ. ಕನ್ನಡ ಪುಸ್ತಕಗಳ ವಿಷಯದಲ್ಲಿ ಮಾತ್ರ ನಿಧಾನಿಸಿ. ಹಳೆಯ ಎಷ್ಟೋ ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಅಲ್ಲಿರುವುದನ್ನು ನಿಶ್ಚಿಂತೆಯಾಗಿ ಇನ್ನೊಬ್ಬರಿಗೆ ದಾಟಿಸಿ, ಇಲ್ಲದಿರುವುದನ್ನು ಇಟ್ಟುಕೊಳ್ಳಿ.

ದೇವರ ಪಟಗಳದ್ದು ದೊಡ್ಡ ಫಜೀತಿ. ಗಣಪತಿ ಇರುವ ಮದುವೆ ಕರೆಯೋಲೆ, ಲಕ್ಷ್ಮಿ ಇರುವ ಕ್ಯಾಲೆಂಡರು, ಭಿನ್ನವಾದ ವಿಗ್ರಹ. ಕಸದ ಡಬ್ಬಕ್ಕೆ ಹಾಕಲು ಕೈ ಬರುವುದಿಲ್ಲ, ಊರಿನಂತೆ ಹೊಳೆಗೆ ಬಿಡಲು ಇಲ್ಲಿ ಆಗುವುದಿಲ್ಲ, ಬಿಡಲೂಬಾರದು. ಹಾಗೆ ಕೂಡಿಬಿದ್ದು ಒಂದೊಂದು ಮನೆಯಲ್ಲಿ ಒಂದು ಪೂರ್ತಿ ಡಬ್ಬ ದೇವರಿದ್ದಾರೆ! ನಾನು ಮಾಡುವುದು ಇಷ್ಟು: ಕಾಗದದ್ದನ್ನು ನಮಸ್ಕಾರ ಮಾಡಿ ಹಿತ್ತಲ ಗುಲಾಬಿ ಗಿಡದ ಬುಡದಲ್ಲಿ ಹೂಳುತ್ತೇನೆ. ಮಣ್ಣಿನ ವಿಗ್ರಹ ಬಕೆಟ್ ನೀರಿನಲ್ಲಿ ಕರಗಿಸಿ ಅದೇ ಗಿಡಕ್ಕೆ. ಲೋಹದ್ದಾದರೆ ದೇವಸ್ಥಾನದ ಅರ್ಚಕರನ್ನು ಕೇಳುತ್ತೇನೆ. ಶಾಸ್ತ್ರ ಬಲ್ಲವರು ಬೇರೆ ಹೇಳಿದರೆ ಕೇಳಲು ಸಿದ್ಧ.

ಕೊನೆಗೆ ನಮ್ಮ ಕಾರ್ಯಕಾರಿ ಸಮಿತಿಯವರಿಗೆ ಒಂದು ಮಾತು, ಕೋಪ ಮಾಡಿಕೊಳ್ಳಬಾರದು. ನಮ್ಮ ಕೂಟಕ್ಕೂ ಒಂದು ಸ್ಟೋರೇಜ್ ಇದೆ. ಸದಸ್ಯತ್ವದ ಹಣದಿಂದಲೇ ಅದರ ಬಾಡಿಗೆ ಹೋಗುತ್ತದೆ. ಕಳೆದ ರಾಜ್ಯೋತ್ಸವಕ್ಕೆ ದೀಪದ ಕಂಬ ತರಲು ನಾನೂ ಅಲ್ಲಿಗೆ ಹೋಗಿದ್ದೆ. ದೀಪದ ಕಂಬ, ಮೈಕು, ಭುವನೇಶ್ವರಿಯ ಪಟ, ಕಾಫಿ ಮಾಡುವ ದೊಡ್ಡ ಪಾತ್ರೆ, ಇವು ಬೇಕೇಬೇಕು. ಆದರೆ ಥರ್ಮೋಕೋಲಿನ ಮೈಸೂರು ಅರಮನೆ ಅರ್ಧ ಮುರಿದು ನಿಂತಿದೆ, ಹಳೆಯ ವರ್ಷಗಳನ್ನು ಅಚ್ಚು ಹಾಕಿದ ಬ್ಯಾನರುಗಳು ಸುತ್ತಿ ಬಿದ್ದಿವೆ, ಯಾವ ನಾಟಕದ್ದೋ ರಾಜನ ಸಿಂಹಾಸನಕ್ಕೆ ಮೂರೇ ಕಾಲು. ಬೇಕಾದದ್ದನ್ನು ಮಾತ್ರ ಇಟ್ಟರೆ ಅರ್ಧ ಅಳತೆಯ ಗೂಡು ಸಾಕು. ಉಳಿದ ಹಣವನ್ನು ಕನ್ನಡ ಕಲಿ ಶಾಲೆಗೆ ಕೊಡಿ, ಡಬ್ಬದ ಮೇಲಿನ ಅಕ್ಷರ ಓದುವವರು ನಾಲ್ಕು ಜನ ಹೆಚ್ಚಾಗಲಿ.

ಯುಗಾದಿ ಕಾರ್ಯಕ್ರಮದ ದಿನ ಸಭಾಂಗಣದ ಬಾಗಿಲಲ್ಲಿ ಎರಡು ಮೇಜು ಹಾಕಿಸಲು ಅಧ್ಯಕ್ಷರು ಒಪ್ಪಿದ್ದಾರೆ. ಒಂದು ಪುಸ್ತಕಕ್ಕೆ, ಇನ್ನೊಂದು ಭರತನಾಟ್ಯದ ಡ್ರೆಸ್ಸು, ಗೆಜ್ಜೆ, ಶ್ರುತಿಪೆಟ್ಟಿಗೆ, ಮಕ್ಕಳ ಪಂಚೆ-ಲಂಗಗಳಿಗೆ. ತಂದಿಡಿ, ಬೇಕಾದವರು ಒಯ್ಯಲಿ, ದುಡ್ಡಿನ ಮಾತಿಲ್ಲ. ಸಂಜೆ ಉಳಿದದ್ದನ್ನು ತಂದವರೇ ವಾಪಸ್ ತೆಗೆದುಕೊಂಡು ಹೋಗಬೇಕು, ಕೂಟದ ಸ್ಟೋರೇಜಿಗೆ ಹಾಕುವಂತಿಲ್ಲ. ಇನ್ನು ಪ್ಯಾಲ್ ಕ್ಯಾಸೆಟ್ ಇರುವವರು ನನಗೆ ಒಂದು ಮೇಲ್ ಹಾಕಿ. ನಮ್ಮ ಮನೆಯಲ್ಲಿ ಎರಡೂ ಪದ್ಧತಿಯಲ್ಲಿ ಓಡುವ ಹಳೆಯ ವಿಸಿಆರ್ ಇದೆ, ಮಗ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಕೊಡುತ್ತಾನಂತೆ. ಅದು ಊರಿನಿಂದ ತಂದದ್ದಾದ್ದರಿಂದ ಅದಕ್ಕೆ 230 ವೋಲ್ಟ್ ಬೇಕು. ಟ್ರಾನ್ಸ್‌ಫಾರ್ಮರ್ ಇದೆಯಲ್ಲ ಎಂದು ನಮ್ಮ ಯಜಮಾನರು ಈಗಾಗಲೇ ಮೀಸೆ ತಿರುವುತ್ತಿದ್ದಾರೆ.